ಹಾರಕ: ಧಾನ್ಯವೂ ಕಳೆಯೂ

ನಮ್ಮ ನಾಡಿನ ಕಿರುಧಾನ್ಯಗಳಲ್ಲಿ ಹಾರಕವೂ ಒಂದು. ಸಂಸ್ಕೃತದಲ್ಲಿ ಇದಕ್ಕೆ ಕೋದ್ರವ, ಕೋರದೂಷ ಎಂಬ ಹೆಸರುಗಳುಂಟು. ಇವೆರಡೂ ಒಂದೇ ಧಾನ್ಯವೆಂಬುದನ್ನು ಅಮರಕೋಶ ತಿಳಿಸುತ್ತದೆ. ಹಿಂದಿಯ ಕೋದೋ, ತೆಲುಗಿನ ಅರಿಕೆಲು, ತಮಿಳಿನ ವರಗು ಇವೆಲ್ಲ ಇದರ ಹೆಸರುಗಳೇ. ಕನ್ನಡದ ಬರಗು ಮಾತ್ರ ಬೇರೊಂದು ಧಾನ್ಯ. ಆದುದರಿಂದ ತಮಿಳು ಕೃತಿಗಳಲ್ಲಿ ಬರುವ ವರಗನ್ನು ನಮ್ಮ ಬರಗೆಂದು ಭಾವಿಸಬಾರದೆಂಬುದನ್ನು ಸಾಹಿತ್ಯಾಭ್ಯಾಸಿಗಳು ಗಮನದಲ್ಲಿಡಬೇಕು. 1767ರಲ್ಲಿ ಲಿನೇಯಸ್ ಈ ಹುಲ್ಲಿಗೆ ‘ಪಾಸ್ಪಾಲಮ್ ಸ್ಕ್ರೋಬಿಕ್ಯುಲೇಟಮ್’ ಎಂಬ ಶಾಸ್ತ್ರೀಯ ನಾಮವನ್ನಿತ್ತನು.

ಈ ತೃಣದ ಸ್ವಭಾವ ವಿಚಿತ್ರವಾದುದು. ಒಂದು ಹೊಲದಲ್ಲಿ ರೈತನು ಇದನ್ನು ಬಿತ್ತಿ ಬೆಳೆಯುತ್ತಾನೆ. ಇನ್ನೊಂದು ಗದ್ದೆಯಲ್ಲಿ ಇದನ್ನೇ ಕಳೆಯೆಂದು ಕಿತ್ತೆಸೆಯುತ್ತಾನೆ. ಹಸಿವನ್ನು ನೀಗುವ ಇದರ ಕಾಳು ಒಮ್ಮೊಮ್ಮೆ ಉಂಡವರನ್ನು ಮತ್ತರನ್ನಾಗಿಯೂ ಮಾಡುತ್ತದೆ. ಇದರ ಕಾರಣವನ್ನರಿತರೆ ನಮ್ಮ ಪ್ರಾಚೀನ ಗ್ರಂಥಗಳ ಕೆಲವು ದೃಷ್ಟಾಂತಗಳ ಅರ್ಥವೂ ತಿಳಿಯಾಗುತ್ತದೆ.

ಹಾರಕವನ್ನು ಭಾರತದಲ್ಲಿ ಸುಮಾರು 3000 ವರ್ಷಗಳ ಹಿಂದೆ ಬೇಸಾಯಕ್ಕೆ ಒಗ್ಗಿಸಿಕೊಂಡರೆಂದು ವಿದ್ವಾಂಸರ ಅಭಿಪ್ರಾಯ. ಇಂದು ಮಧ್ಯಪ್ರದೇಶ ಮತ್ತು ಛತ್ತೀಸಗಢಗಳಲ್ಲಿ ಇದರ ಬೇಸಾಯ ಹೆಚ್ಚು. ಕಾಡುಹಾರಕವಾದರೋ ಏಷ್ಯಾ ಆಫ್ರಿಕಾಗಳ ಉಷ್ಣಪ್ರದೇಶಗಳಲ್ಲೆಲ್ಲ ಹಬ್ಬಿದೆ. ನೀರು ನಿಲ್ಲುವ ತಗ್ಗು, ಕಾಲುವೆಯ ದಂಡೆ, ಗದ್ದೆಯ ಬದು ಅದಕ್ಕೆ ಪ್ರಿಯವಾದ ನೆಲೆಗಳು. ಕಾಡುಹಾರಕವು ವರ್ಷಾನುವರ್ಷ ಬದುಕುವ ಹುಲ್ಲು. ಬಿತ್ತಿದ ಹಾರಕವು ಒಂದೇ ಹಂಗಾಮಿನ ಬೆಳೆ. ಆದರೂ ಎರಡರ ನಡುವಣ ಗೆರೆ ಸ್ಪಷ್ಟವಾದುದಲ್ಲ. ಅಕ್ಕಪಕ್ಕದಲ್ಲಿ ಬೆಳೆದಾಗ ಅವು ಒಂದರೊಡನೊಂದು ಬೆರೆಯುತ್ತವೆ. ಕಾಡುಹಾರಕದ ಕಾಳು ಮಾಗಿದೊಡನೆ ತೆನೆಯಿಂದ ಉದುರುತ್ತದೆ. ಈ ಗುಣ ಬೇಸಾಯದ ಹಾರಕವನ್ನೂ ಪೂರ್ತಿಯಾಗಿ ಬಿಟ್ಟಿಲ್ಲ. ಭತ್ತವಾಗಲಿ ಗೋಧಿಯಾಗಲಿ ಮನುಷ್ಯನ ಕೊಯ್ಲಿಗಾಗಿ ಕಾಳನ್ನು ತೆನೆಯಲ್ಲಿ ಹಿಡಿದಿಟ್ಟು ಕಾಯುತ್ತದೆ. ಹಾರಕವು ಅಷ್ಟು ಪಳಗಿಲ್ಲ. ಕೊಯ್ಲಿಗೆ ಮುನ್ನ ನೆಲಕ್ಕೆ ಬಿದ್ದ ಕಾಳು ಮುಂದಿನ ಮಳೆಗೆ ಕರೆಯದೆ ಮೊಳೆಯುತ್ತದೆ. ಇದು ಕಳೆಯಾಗುವ ಬಗೆ ಹೀಗೆ.

ಇಷ್ಟಾದರೂ ಭತ್ತದ ಗದ್ದೆಯಲ್ಲಿ ಎದ್ದ ಹಾರಕವನ್ನು ಎಲ್ಲ ರೈತರೂ ವೈರಿಯಂತೆ ಕಾಣುವುದಿಲ್ಲ. ಅದನ್ನು ಹಾಗೆಯೇ ಬಿಟ್ಟು, ಮುಖ್ಯ ಬೆಳೆ ಕೈಕೊಟ್ಟ ವರ್ಷ ಅದರ ಕಾಳನ್ನೇ ಕೊಯ್ದು ಉಣ್ಣುವ ರೂಢಿಯುಂಟು. ಸುಭಿಕ್ಷದಲ್ಲಿ ಕಳೆಯೆನಿಸಿದುದು ದುರ್ಭಿಕ್ಷದಲ್ಲಿ ಪ್ರಾಣವನ್ನುಳಿಸುತ್ತದೆ.

ಶಾಸ್ತ್ರಕಾರರು ಇದಕ್ಕೆ ಹಿರಿದಾದ ಸ್ಥಾನವನ್ನಿತ್ತಿಲ್ಲ. ಸುಶ್ರುತನು ಇದನ್ನು ಕುಧಾನ್ಯವರ್ಗದಲ್ಲಿ ಸೇರಿಸಿದ್ದಾನೆ. ಚರಕನು ಕಷಾಯ-ಮಧುರ ರಸವುಳ್ಳದ್ದು, ಲಘುವಾದುದು, ಕಫಪಿತ್ತಹರವಾದುದು ಎಂದು ಇದರ ಗುಣವನ್ನು ವರ್ಣಿಸಿದ್ದಾನೆ. ಭರ್ತೃಹರಿಯ ನೀತಿಶತಕದಲ್ಲಿ ಈ ಕರ್ಮಭೂಮಿಯಲ್ಲಿ ಹುಟ್ಟಿಯೂ ತಪವನ್ನಾಚರಿಸದವನನ್ನು ಕರ್ಪೂರವನ್ನು ಕಡಿದು ಕೋದ್ರವದ ಹೊಲಕ್ಕೆ ಬೇಲಿ ಕಟ್ಟುವವನಿಗೆ ಹೋಲಿಸಿದೆ. ತೀರ ಅಗ್ಗವಾದ ಧಾನ್ಯವೆಂದು ಎಲ್ಲರೂ ಬಲ್ಲುದರಿಂದಲೇ ಈ ಹೋಲಿಕೆ ನಾಟುತ್ತದೆ.

ಜೈನಾಚಾರ್ಯರ ದೃಷ್ಟಿ ಇದರ ಮದಶಕ್ತಿಯ ಕಡೆಗೆ ಹರಿದಿದೆ. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಮೋಹನೀಯ ಕರ್ಮವನ್ನು ವಿವರಿಸುವಾಗ, ಅರ್ಧ ಕಳೆದು ಅರ್ಧ ಉಳಿದ ಮಿಥ್ಯಾತ್ವವನ್ನು, ತೊಳೆದುದರಿಂದ ಅಮಲು ಭಾಗಶಃ ಮಾತ್ರ ಹೋದ ಕೋದ್ರವಕ್ಕೆ ಹೋಲಿಸಿದ್ದಾರೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಬೀಸುವ ಯಂತ್ರದಲ್ಲಿ ಕೋದ್ರವವು ಮೂರು ಪಾಲಾಗುವಂತೆ ಮಿಥ್ಯಾತ್ವವೂ ಮೂರಾಗುತ್ತದೆಂದಿದ್ದಾರೆ. ಅಡುಗೆಮನೆಯ ಅನುಭವ ಇಲ್ಲಿ ತತ್ತ್ವಕ್ಕೆ ಒದಗಿ ಬಂದಿದೆ. ಹಾರಕದ ಅಮಲನ್ನು ಕಾಣದವರಿಗೆ ಈ ಉಪಮೆಗಳು ಬರಿಯ ಮಾತುಗಳಾಗಿ ತೋರಿಯಾವು.

ಈ ಅಮಲಿನ ಮೂಲವೇನು? ಕಾಳು ಬಲಿಯುವಾಗ ಮಳೆ ಹಿಡಿದರೆ, ಅಥವಾ ಕೊಯ್ದ ತೆನೆ ತೇವದಲ್ಲಿ ಉಳಿದರೆ, ಅದಕ್ಕೆ ಬೂಷ್ಟು ಹತ್ತುತ್ತದೆ. ಈ ಬೂಷ್ಟಿನಲ್ಲಿ ಆಸ್ಪರ್ಜಿಲಸ್ ಜಾತಿಯ ಶಿಲೀಂಧ್ರಗಳಿದ್ದು, ಅವು ಸೈಕ್ಲೋಪಿಯಜೋನಿಕ್ ಆಮ್ಲವೆಂಬ ವಿಷವನ್ನು ಉತ್ಪಾದಿಸುತ್ತವೆ. ಮನುಷ್ಯರಿಗೆ ಹಾರಕದಿಂದಾಗುವ ವಿಷಬಾಧೆಗೂ ಈ ಆಮ್ಲಕ್ಕೂ ಇರುವ ಸಂಬಂಧವನ್ನು 1985ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅಂಥ ಕಾಳನ್ನುಂಡವರಿಗೆ ತಲೆಸುತ್ತು, ವಾಂತಿ, ನಡುಕ, ಮಂಪರು ಉಂಟಾಗುತ್ತವೆ. 2024ರ ಅಕ್ಟೋಬರ್ ಕೊನೆಯಲ್ಲಿ ಮಧ್ಯಪ್ರದೇಶದ ಬಾಂಧವಗಢ ಅರಣ್ಯದಲ್ಲಿ ಹಾರಕದ ಬೆಳೆಯನ್ನು ಮೇದ 10 ಆನೆಗಳು ಸತ್ತವು. ಅವುಗಳ ಅಂಗಾಂಶಗಳ ಪರೀಕ್ಷೆಯಲ್ಲಿ ಇದೇ ಆಮ್ಲ ಕಂಡುಬಂದಿತು.

ಆದುದರಿಂದ ಮದವು ಧಾನ್ಯದ ಸಹಜಗುಣವಲ್ಲ. ತೇವದಿಂದ ಬಂದ ಆಗಂತುಕ ದೋಷ. ಒಳ್ಳೆಯ ಬಿಸಿಲಿನಲ್ಲಿ ಒಣಗಿಸಿ, ಗಾಳಿಯಾಡುವೆಡೆ ಕಾಪಿಟ್ಟ ಹಾರಕವು ನಿರಪಾಯವಾದ ಆಹಾರ. ಬೂಷ್ಟು ಹತ್ತಿದ ಕಾಳನ್ನಾದರೋ ತೊಳೆದು ಬೇಯಿಸಿದರೆ ಸರಿಹೋದೀತೆಂದು ನಂಬಬಾರದು. ಅದನ್ನು ಜನರಿಗಾಗಲಿ ದನಗಳಿಗಾಗಲಿ ಹಾಕಬಾರದು. ತೊಳೆದ ಮೇಲೂ ಕೋದ್ರವದಲ್ಲಿ ಮದ ಉಳಿಯುತ್ತದೆಂಬ ಪೂಜ್ಯಪಾದರ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಕಿರುಧಾನ್ಯಗಳ ವರ್ಷವೆಂದು ಸಾರಿದ ಮೇಲೆ, ಬಡವರ ಕೂಳೆನಿಸಿದ್ದ ಹಾರಕ ಪಟ್ಟಣದ ಅಂಗಡಿಗಳಿಗೂ ಬಂದಿದೆ. ಹಿಂದೆ ಇದನ್ನು ಕುಧಾನ್ಯವೆಂದು ಹಳಿದವರುಂಟು, ಇಂದು ಸಿರಿಧಾನ್ಯವೆಂದು ಹೊಗಳುವವರುಂಟು. ಹುಲ್ಲು ಮಾತ್ರ ಅಂದಿನದೇ. ಅದನ್ನು ಎಲ್ಲಿ ಬೆಳೆಯಗೊಡಬೇಕು, ಎಲ್ಲಿ ಕೀಳಬೇಕು, ಹೇಗೆ ಒಣಗಿಸಬೇಕು ಎಂಬ ವಿವೇಕ ನಮ್ಮಲ್ಲಿರಬೇಕಷ್ಟೆ.