ಲಾರಿಯ ಹೊಗೆಕೊಳವೆ ಎಷ್ಟು ಅಗಲವಿರಬೇಕು?

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಒಂದು ಸಂಜೆ ನಿಂತು ನೋಡಿರಿ. ಕಡಲೆಕಾಯಿ, ಎಣ್ಣೆ, ಹಿಂಡಿಯ ಮೂಟೆಗಳನ್ನು ಹೊತ್ತ ಲಾರಿಗಳು ತಳುಕಿನ ದಾರಿ ಹಿಡಿದು ಒಂದರ ಹಿಂದೊಂದು ಸಾಗುತ್ತಿರುತ್ತವೆ. ಕೆಲವು ಸಲೀಸಾಗಿ ಮುಂದೆ ಹೋಗುತ್ತವೆ. ಕೆಲವು ಮಾತ್ರ ಕರಿಹೊಗೆ ಉಗುಳುತ್ತ, ಏದುಸಿರು ಬಿಡುತ್ತ ಏರನ್ನು ಹತ್ತುತ್ತವೆ. ಎಂಜಿನ್ನು ಒಂದೇ ಬಗೆಯದು, ಹೊರೆಯೂ ಅಷ್ಟೇ. ಹಾಗಿದ್ದರೂ ಈ ವ್ಯತ್ಯಾಸವೇಕೆ?

ನನ್ನ ವಿದ್ಯಾರ್ಥಿಯೊಬ್ಬನ ತಂದೆಯವರಿಗೆ ಮೊಳಕಾಲ್ಮೂರಿನಲ್ಲಿ ಒಂದು ಹಳೆಯ ಟರ್ಬೊ ಲಾರಿಯಿದೆ. ಮನೆಯ ಜೀವನವೆಲ್ಲ ಅದರ ಮೇಲೆಯೇ. ಅದರ ಸೈಲೆನ್ಸರ್ ಪೈಪು ತುಕ್ಕು ಹಿಡಿದು ತೂತಾದಾಗ, ಗ್ಯಾರೇಜೊಂದರಲ್ಲಿ ಕೈಗೆ ಸಿಕ್ಕಿದ ಮೂರಂಗುಲದ ಕೊಳವೆಯನ್ನೇ ಬೆಸೆದು ಕಳುಹಿಸಿದರು. ಅಂದಿನಿಂದ ಗಾಡಿ ಹೊರೆ ಎಳೆಯದಾಯಿತು. ಡೀಸೆಲ್ಲಿನ ಖರ್ಚು ಏರಿತು. ಅವರು ಒಂದು ದಿನ ಕಾಲೇಜಿಗೇ ಬಂದು ಕೇಳಿದರು:

“ಮೇಷ್ಟ್ರೇ, ಒಬ್ಬ ಮೇಸ್ತ್ರಿ ಮೂರಂಗುಲವೇ ಸರಿ, ಹೊಗೆಗೆ ಸ್ವಲ್ಪ ತಡೆ ಇರಲೇಬೇಕು ಅಂತಾನೆ. ಇನ್ನೊಬ್ಬ ಐದು ಅಂಗುಲ ಹಾಕಿಸು, ಗಾಡಿ ಹಾರುತ್ತೆ ಅಂತಾನೆ. ನಿಮ್ಮ ಪುಸ್ತಕ ಏನು ಹೇಳುತ್ತೆ?”

ಪ್ರಶ್ನೆ ಸರಳ. ಆದರೆ ಉತ್ತರಕ್ಕೆ ನಾವು ಕೊಂಚ ದೂರ ನಡೆಯಬೇಕು.

ಹೊಗೆಯಿಂದ ತಿರುಗುವ ಗಾಳಿಯಂತ್ರ

ಎಂಜಿನ್ನಿನಲ್ಲಿ ಹೆಚ್ಚು ಡೀಸೆಲ್ ಉರಿಯಬೇಕಾದರೆ ಹೆಚ್ಚು ಗಾಳಿ ಬೇಕು. ಹೊರಗೆ ವ್ಯರ್ಥವಾಗಿ ಹೋಗುವ ಬಿಸಿ ಅನಿಲದ ಶಕ್ತಿಯಿಂದಲೇ ಈ ಗಾಳಿಯನ್ನು ಒಳಗೆ ಒತ್ತಬಹುದೆಂದು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಷಿ ಯೋಚಿಸಿ, 1905ರಲ್ಲಿ ಆ ಉಪಾಯಕ್ಕೆ ಪೇಟೆಂಟು ಪಡೆದನು. ಒಂದೇ ದಂಡದ ಎರಡು ತುದಿಗಳಲ್ಲಿ ಎರಡು ಚಕ್ರಗಳು. ಒಂದನ್ನು ಹೊಗೆ ತಿರುಗಿಸುತ್ತದೆ, ಇದು ಟರ್ಬೈನು. ಇನ್ನೊಂದು ಹೊರಗಿನ ಗಾಳಿಯನ್ನು ಅದುಮಿ ಎಂಜಿನ್ನಿಗೆ ತಳ್ಳುತ್ತದೆ, ಇದು ಸಂಪೀಡಕ. ಲಾರಿಯ ಟರ್ಬೊದಲ್ಲಿ ಈ ದಂಡವು ನಿಮಿಷಕ್ಕೆ ಒಂದು ಲಕ್ಷ ಸುತ್ತುಗಳ ಆಸುಪಾಸಿನಲ್ಲಿ ತಿರುಗುವುದುಂಟು.

ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ನಿಂತಿರುವ ಗಾಳಿಯಂತ್ರಗಳನ್ನು ನೀವು ನೋಡಿದ್ದೀರಿ. ಅವುಗಳ ಬೆನ್ನಿಗೇ ಒಂದು ಎತ್ತರದ ಗೋಡೆ ಕಟ್ಟಿದರೆ ಏನಾದೀತು? ರೆಕ್ಕೆಗೆ ಗಾಳಿ ಬಡಿದರೆ ಸಾಲದು, ಬಡಿದ ಗಾಳಿ ಹಿಂದೆ ಸರಿದು ಹೋಗಲು ಹಾದಿಯೂ ಬೇಕು. ಟರ್ಬೈನಿನದೂ ಇದೇ ಕಥೆ. ಅದರ ಮುಂದಿನ ಒತ್ತಡ ಹೆಚ್ಚಾಗಿರಬೇಕು, ಹಿಂದಿನ ಒತ್ತಡ ಕಡಿಮೆಯಾಗಿರಬೇಕು. ಇವೆರಡರ ಅನುಪಾತವೇ ಅದನ್ನು ತಿರುಗಿಸುವ ಬಲ. ಹಿಂದಿನ ಕೊಳವೆ ಇಕ್ಕಟ್ಟಾದರೆ ಅದೇ ನಾವು ಹೇಳಿದ ಗೋಡೆ.

“ತಡೆ ಇರಬೇಕು” ಎಂಬ ಮಾತು ಎಲ್ಲಿಂದ ಬಂತು? ಟರ್ಬೊ ಇಲ್ಲದ ಎಂಜಿನ್ನುಗಳಲ್ಲಿ ಸಿಲಿಂಡರಿನಿಂದ ಹೊರಡುವ ಕೊಳವೆಯನ್ನು ಅಳತೆಯರಿತು ಕಿರಿದಾಗಿಟ್ಟರೆ ಅನಿಲ ವೇಗವಾಗಿ ಓಡಿ, ಹಿಂದೆ ಉಳಿದ ಹೊಗೆಯನ್ನೂ ತನ್ನೊಡನೆ ಸೆಳೆದೊಯ್ಯುತ್ತದೆ. ಅಲ್ಲಿ ಉಪಕಾರ ಮಾಡಿದ್ದು ವೇಗವೇ ಹೊರತು ತಡೆಯಲ್ಲ. ಟರ್ಬೊ ಲಾರಿಯಲ್ಲಿಯೂ ಎಂಜಿನ್ನಿಗೂ ಟರ್ಬೈನಿಗೂ ನಡುವಣ ದಾರಿ ಕಿರಿದಾಗಿ, ಬಿಸಿಯಾಗಿ ಇರುವುದು ಒಳ್ಳೆಯದು. ಆದರೆ ಟರ್ಬೈನನ್ನು ದಾಟಿದ ಮೇಲೆ ಅನಿಲದಿಂದ ಆಗಬೇಕಾದ ಕೆಲಸ ಮುಗಿಯಿತು. ಅದು ಸುಲಭವಾಗಿ ಹೊರಗೆ ಹೋದರೆ ಸಾಕು.

ತಡೆಯಿಂದ ಏನಾಗುತ್ತದೆಂಬುದು ಚಾಲಕರಿಗೆ ಪುಸ್ತಕವಿಲ್ಲದೆಯೇ ಗೊತ್ತು. ಇಳಿಜಾರಿನಲ್ಲಿ ಅವರು ಎಗ್ಸಾಸ್ಟ್ ಬ್ರೇಕನ್ನು ಒತ್ತುತ್ತಾರಷ್ಟೆ? ಆಗ ಹೊಗೆಯ ಹಾದಿಯಲ್ಲಿ ಒಂದು ಮುಚ್ಚಳ ಅಡ್ಡಬಂದು ಗಾಡಿಯ ಓಟ ಕುಗ್ಗುತ್ತದೆ. ಇಕ್ಕಟ್ಟಾದ ಕೊಳವೆಯೆಂದರೆ ಏರಿನಲ್ಲಿಯೂ ಬಿಡದೆ ಸಣ್ಣಗೆ ಒತ್ತಿ ಹಿಡಿದಿರುವ ಬ್ರೇಕು!

ಸ್ವಲ್ಪ ಲೆಕ್ಕ

ಎಂಜಿನ್ನು 6 ಲೀಟರಿನದು, ನಿಮಿಷಕ್ಕೆ 2400 ಸುತ್ತು ತಿರುಗುತ್ತಿದೆ ಎನ್ನೋಣ. ಎರಡು ಸುತ್ತಿಗೊಮ್ಮೆ ಅದು ಉಸಿರೆಳೆಯುತ್ತದೆ. ಅಂದರೆ ಸೆಕೆಂಡಿಗೆ 20 ಸಲ, 120 ಲೀಟರ್. ಟರ್ಬೊ ಈ ಗಾಳಿಯನ್ನು ವಾಯುಮಂಡಲದ ಒತ್ತಡದ ಸುಮಾರು ಎರಡರಷ್ಟಕ್ಕೆ ಅದುಮುವುದರಿಂದ, ಇಂಧನವೂ ಸೇರಿ ಸೆಕೆಂಡಿಗೆ ಸುಮಾರು 0.22 ಕಿಲೋಗ್ರಾಂ ಅನಿಲ ಹೊರಬೀಳುತ್ತದೆ. ಪೂರ್ಣ ಹೊರೆಯಲ್ಲಿ ಟರ್ಬೈನಿನ ಹಿಂದೆ ಅದರ ಉಷ್ಣತೆ 450 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಿರಿ. ಚಳ್ಳಕೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ವಾಯುವಿನ ಒತ್ತಡ ಸುಮಾರು 95 ಕಿಲೋಪಾಸ್ಕಲ್. ಈ ಸ್ಥಿತಿಯಲ್ಲಿ ಆ ಅನಿಲ ಉಬ್ಬಿ ಸೆಕೆಂಡಿಗೆ 480 ಲೀಟರ್ ಆಗುತ್ತದೆ. ಒಳಗೆ ಹೋದುದರ ನಾಲ್ಕರಷ್ಟು!

ಒಳವ್ಯಾಸ 75 ಮಿಲಿಮೀಟರ್ (ಮೂರಂಗುಲ) ಇರುವ ಕೊಳವೆಯಲ್ಲಿ ಇಷ್ಟು ಅನಿಲ ಸೆಕೆಂಡಿಗೆ 109 ಮೀಟರ್ ವೇಗದಿಂದ ಓಡಬೇಕು. 100 ಮಿಲಿಮೀಟರಿನಲ್ಲಿ ವೇಗ 61 ಮೀಟರಿಗೆ ಇಳಿಯುತ್ತದೆ; 125ರಲ್ಲಿ 39 ಮೀಟರಿಗೆ. ಕೊಳವೆಯ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. ಐದು ಮೀಟರ್ ಉದ್ದ, ನಾಲ್ಕು ನಯವಾದ ತಿರುವುಗಳಿರುವ ಕೊಳವೆಗೆ ಲೆಕ್ಕ ಹಾಕಿದರೆ ತಡೆಯ ಒತ್ತಡ ಕ್ರಮವಾಗಿ ಸುಮಾರು 9.6, 2.7 ಮತ್ತು 1.0 ಕಿಲೋಪಾಸ್ಕಲ್ ಬರುತ್ತದೆ. ಹಳೆಯ ತಲೆಮಾರಿನ ಅನೇಕ ಟರ್ಬೊ ಡೀಸೆಲ್ ಎಂಜಿನ್ನುಗಳಿಗೆ ಸೈಲೆನ್ಸರೂ ಸೇರಿ ಸುಮಾರು 10 ಕಿಲೋಪಾಸ್ಕಲ್ ಮಿತಿಯೆಂದು ಎಣಿಸುವುದು ವಾಡಿಕೆ. ಮೂರಂಗುಲದಲ್ಲಿ ಕೊಳವೆಯೊಂದೇ ಅದನ್ನು ನುಂಗಿಬಿಟ್ಟಿತು!

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಟರ್ಬೈನಿನ ಮುಂದಿನ ಒತ್ತಡ ಹಿಂದಿನದರ 2.2ರಷ್ಟು ಇರಬೇಕಾದರೆ, ಹಿಂದೆ 1 ಕಿಲೋಪಾಸ್ಕಲ್ ಹೆಚ್ಚಿದಾಗ ಮುಂದೆ 2.2 ಹೆಚ್ಚಲೇಬೇಕು. ಮೂರಂಗುಲಕ್ಕೂ ನಾಲ್ಕಂಗುಲಕ್ಕೂ ಇರುವ ಸುಮಾರು 7 ಕಿಲೋಪಾಸ್ಕಲ್ ಅಂತರ ಪಿಸ್ಟನ್ನಿಗೆ 15 ಕಿಲೋಪಾಸ್ಕಲ್ ಆಗಿ ಕಾಣುತ್ತದೆ. ಸೆಕೆಂಡಿಗೆ 120 ಲೀಟರಿನಂತೆ ಅದನ್ನು ತಳ್ಳಲು 1800 ವಾಟ್, ಎಂದರೆ ಸುಮಾರು 2.4 ಅಶ್ವಶಕ್ತಿ ಬೇಕು. ಟರ್ಬೊ ತನ್ನ ಅನುಪಾತವನ್ನು ಉಳಿಸಿಕೊಳ್ಳಲಾರದೆ ಹೋದರೆ ಗಾಳಿ ಕಡಿಮೆಯಾಗಿ, ಅರೆಬೆಂದ ಡೀಸೆಲ್ ಕರಿಹೊಗೆಯಾಗುತ್ತದೆ. ಎಂಜಿನ್ನಿನ ಕಾವೂ ಏರುತ್ತದೆ. ನಷ್ಟ ಒಂದು ಗಳಿಗೆಗೆ ಅಲ್ಪ. ಆದರೆ ಪ್ರತಿ ಏರಿನಲ್ಲಿಯೂ ತೆರಬೇಕಾದ ಸುಂಕ ಅದು.

ಹಾಗಾದರೆ ಐದು ಅಂಗುಲವೇ ಏಕಿರಬಾರದು? ನಾಲ್ಕರಿಂದ ಐದಕ್ಕೆ ಹೋದರೆ ಉಳಿಯುವುದು 1.7 ಕಿಲೋಪಾಸ್ಕಲ್ ಮಾತ್ರ. ಅರ್ಧ ಅಶ್ವಶಕ್ತಿಗಿಂತ ಕೊಂಚ ಹೆಚ್ಚು. ಅದಕ್ಕಾಗಿ ತೂಕ, ಬೆಲೆ, ಚಾಸಿಯ ಕೆಳಗಿನ ಜಾಗ ಎಲ್ಲವನ್ನೂ ತೆರಬೇಕು. ಗಾಡಿ ಹಾರುವುದಿಲ್ಲ. ಆದರೆ ಇನ್ನೂ ದೊಡ್ಡ ಎಂಜಿನ್ನಿಗೆ ಐದು ಅಂಗುಲವೇ ತಕ್ಕುದಾದೀತು. ಗಾತ್ರವನ್ನು ನಿರ್ಧರಿಸುವುದು ಲಾರಿಯ ಹೆಸರಲ್ಲ, ಹೊರಬೀಳುವ ಅನಿಲದ ಮೊತ್ತ.

ನೀರಿನ ಸಾಕ್ಷಿ

ಲೆಕ್ಕವನ್ನು ನಂಬದವರಿಗೆ ಪ್ರಯೋಗವಿದೆ. ಟರ್ಬೈನಿನ ಹಿಂದಿನ ಕೊಳವೆಗೆ ಒಂದು ಸಣ್ಣ ತಾಮ್ರದ ನಳಿಕೆಯನ್ನು ಬೆಸೆದು, ಅದು ತಣ್ಣಗಾಗುವಷ್ಟು ಉದ್ದ ಬಿಟ್ಟು, ತುದಿಗೆ ಪಾರದರ್ಶಕ ನಳಿಕೆಯನ್ನು ಯು ಆಕಾರದಲ್ಲಿ ಜೋಡಿಸಿ ಬಣ್ಣದ ನೀರು ತುಂಬಬೇಕು. ಹೊರೆ ಹೊತ್ತು ಏರು ಹತ್ತುವಾಗ, ಚಾಲಕನಲ್ಲದ ಇನ್ನೊಬ್ಬರು ನೀರಿನ ಮಟ್ಟಗಳ ಅಂತರವನ್ನು ನೋಡಬೇಕು. 10 ಕಿಲೋಪಾಸ್ಕಲ್ ಎಂದರೆ 102 ಸೆಂಟಿಮೀಟರ್. ನೀರು ಅದನ್ನು ಮೀರಿದರೆ ಹಾದಿ ಇಕ್ಕಟ್ಟಾಗಿದೆಯೆಂದು ತಿಳಿಯಬೇಕು.

ಒಂದು ಎಚ್ಚರಿಕೆ. ತಡೆ ತಪ್ಪಿಸಲೆಂದು ಸೈಲೆನ್ಸರನ್ನೇ ಕಿತ್ತೊಗೆಯುವುದು ಕಾನೂನಿಗೆ ವಿರುದ್ಧ, ನೆರೆಯವರ ಕಿವಿಗೂ ವಿರುದ್ಧ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ಲಾರಿಗಳಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಸಾಧನಗಳು ಈ ಹಾದಿಯಲ್ಲಿಯೇ ಇವೆ. ಕೆಲಸ ಮಾಡಲು ಅವಕ್ಕೆ ಅನಿಲದ ಕಾವು ಬೇಕು. ಅಂತಹ ಲಾರಿಗೆ ತಯಾರಕರು ಕೊಟ್ಟ ಅಳತೆಯೇ ಅಳತೆ.

ನಮ್ಮ ಮೊಳಕಾಲ್ಮೂರಿನ ಮಿತ್ರರಿಗೆ ನಾನು ಹೇಳಿದ್ದು ಇಷ್ಟೇ: ಲಾರಿಗೆ ಮೊದಲಿದ್ದ ಕೊಳವೆಯ ಅಳತೆಯನ್ನು ಹುಡುಕಿರಿ. ಟರ್ಬೊದ ಬಳಿ ಅದರ ಹಳೆಯ ತುಂಡೊಂದು ಉಳಿದಿತ್ತು. ಅಳೆದು ನೋಡಿದಾಗ ಅದು ನಾಲ್ಕು ಅಂಗುಲವೇ ಆಗಿತ್ತು. ಅದೇ ಗಾತ್ರದ ಕೊಳವೆಯನ್ನು ನಯವಾದ ತಿರುವುಗಳೊಡನೆ ಹಾಕಿಸಿದರು. ಮರುವಾರ ಮಗ ತರಗತಿಗೆ ಬಂದವನು, ಪಾಠದ ನಡುವೆ ಎದ್ದು ನಿಂತು ಕೇಳಿದನು: “ಸಾರ್, ವ್ಯಾಸ ಒಂದೇ ಅಂಗುಲ ಹೆಚ್ಚಾದರೆ ತಡೆ ಮೂರೂವರೆ ಪಟ್ಟು ಕಡಿಮೆಯಾಗುವುದೇಕೆ?” ಅಂದಿನ ಪಾಠವನ್ನು ಅಲ್ಲಿಂದಲೇ ಆರಂಭಿಸಿದೆವು.