ಮದರಾಸು ಎಣಿಸಿದ ಮಾತ್ರೆಗಳು

1950ರ ದಶಕದ ಕೊನೆಯ ವರ್ಷಗಳಲ್ಲಿ ಮದರಾಸಿನ ಇಕ್ಕಟ್ಟಾದ ಬೀದಿಗಳ ಕೆಲವು ಮನೆಗಳಿಗೆ ಆರೋಗ್ಯ ಸಿಬ್ಬಂದಿ ಹೇಳದೆ ಕೇಳದೆ ಬಂದುಬಿಡುತ್ತಿದ್ದರು. ಮನೆಯಲ್ಲೊಬ್ಬ ಕ್ಷಯರೋಗಿ ಇರುತ್ತಿದ್ದ. ಅವನಿಗೆ ಕೊಟ್ಟ ಮಾತ್ರೆಗಳಲ್ಲಿ ಎಷ್ಟು ಉಳಿದಿವೆ ಎಂದು ಬಂದವರು ಎಣಿಸುತ್ತಿದ್ದರು. ಲೆಕ್ಕ ಸರಿಹೋದರೂ ಅವರಿಗೆ ಸಮಾಧಾನವಿಲ್ಲ, ಮಾತ್ರೆಯನ್ನು ಚರಂಡಿಗೂ ಹಾಕಿರಬಹುದಲ್ಲ! ಹಾಗಾಗಿ ಮೂತ್ರದ ಪರೀಕ್ಷೆಯೂ ನಡೆಯುತ್ತಿತ್ತು.

ಇದು ಚೆಟ್‌ಪೇಟ್‌ನಲ್ಲಿ 1956ರಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರದ ಕೆಲಸ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಾಲ್ಕೂ ಸೇರಿ ಕಟ್ಟಿದ ಈ ಕೇಂದ್ರಕ್ಕೆ ಆರಂಭದಲ್ಲಿ ನೇತೃತ್ವ ಕೊಟ್ಟವರು ಡಾ. ವಾಲೇಸ್ ಫಾಕ್ಸ್. ಕ್ಷಯ ಬಂದರೆ ಸ್ಯಾನಟೋರಿಯಂಗೆ ಸೇರಲೇಬೇಕು, ಒಳ್ಳೆಯ ಗಾಳಿ, ಪುಷ್ಟಿಯ ಊಟ, ವಿಶ್ರಾಂತಿ ಇಲ್ಲದೆ ಗುಣವಾಗದು ಎಂದು ಜಗತ್ತು ನಂಬಿದ್ದ ಕಾಲವದು. ಫಾಕ್ಸ್ ತಂಡ ಕೆಲವರನ್ನು ಸ್ಯಾನಟೋರಿಯಂನಲ್ಲಿಟ್ಟು, ಕೆಲವರನ್ನು ಅವರವರ ಮನೆಯಲ್ಲೇ ಬಿಟ್ಟು, ಇಬ್ಬರಿಗೂ ಒಂದು ವರ್ಷ ಅದದೇ ಔಷಧ ಕೊಟ್ಟಿತು. 1959ರಲ್ಲಿ ಫಲಿತಾಂಶ ಹೊರಬಂತು. ಅರೆಹೊಟ್ಟೆಯಲ್ಲಿ, ಕಿಕ್ಕಿರಿದ ಮನೆಯಲ್ಲಿದ್ದವರೂ ಸ್ಯಾನಟೋರಿಯಂನವರಿಗೆ ಹೆಚ್ಚುಕಡಿಮೆ ಸಮನಾಗಿಯೇ ಗುಣವಾಗಿದ್ದರು.

ಗುಣಪಡಿಸಿದ್ದು ಗಾಳಿಯಲ್ಲ, ಮಾತ್ರೆ. ಆದರೆ ಅದನ್ನು ತಪ್ಪದೆ ನುಂಗಬೇಕಿತ್ತು. ಜನ ನುಂಗುವುದನ್ನು ಬಿಡುತ್ತಾರೆ ಎಂಬುದನ್ನೂ ಆ ಎಣಿಕೆ ಬಯಲು ಮಾಡಿತು. ಕೆಮ್ಮು ನಿಂತ ಮೇಲೆ, ಮೈಗೆ ಕಸುವು ಬಂದ ಮೇಲೆ, ಕೂಲಿಗೆ ಹೋಗುವ ಮನುಷ್ಯನಿಗೆ ಮಾತ್ರೆ ಮರೆಯುವುದರಲ್ಲಿ ಆಶ್ಚರ್ಯವೇನು? ಮದರಾಸಿನವರು ಇದನ್ನು ರೋಗಿಯ ಅಜ್ಞಾನ ಎಂದು ಬೈದು ಕೈತೊಳೆದುಕೊಳ್ಳಲಿಲ್ಲ. ವಾರಕ್ಕೆರಡು ಬಾರಿ, ಸಿಬ್ಬಂದಿಯ ಕಣ್ಣೆದುರೇ ಔಷಧ ಕೊಡುವ ಕ್ರಮವನ್ನು 1960ರ ದಶಕದಲ್ಲಿ ಪರೀಕ್ಷಿಸಿ ನೋಡಿದರು. ಮುಂದೆ ಜಗತ್ತೆಲ್ಲ ಡಾಟ್ಸ್ ಎಂದು ಕರೆದ ಪದ್ಧತಿಯ ಬೇರುಗಳಲ್ಲಿ ಇದೂ ಒಂದು. ಆ ಕೇಂದ್ರ ಇಂದು ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆ.

ಆ್ಯಂಟಿಬಯಾಟಿಕ್ ದುರ್ಬಳಕೆಯ ಮಾತು ಬಂದಾಗಲೆಲ್ಲ ನಮ್ಮ ಬೆರಳು ರೋಗಿಯತ್ತ ತಿರುಗುತ್ತದೆ. ಅರ್ಧ ಕೋರ್ಸಿಗೆ ನಿಲ್ಲಿಸಿದ, ಚೀಟಿಯಿಲ್ಲದೆ ಕೊಂಡ, ಪಕ್ಕದ ಮನೆಯವರ ಮಾತ್ರೆ ನುಂಗಿದ ಎಂದು. ಅವೆಲ್ಲ ನಿಜವೇ. ಆದರೆ ಅದೇ ಮದರಾಸಿನ, ಅಂದರೆ ಇಂದಿನ ಚೆನ್ನೈನ ಮುಂದಿನ ಕಥೆ ನೋಡಿದರೆ ದೂರು ಅಷ್ಟಕ್ಕೇ ನಿಲ್ಲುವುದಿಲ್ಲ.

2010ರ ಆಗಸ್ಟಿನಲ್ಲಿ ಲ್ಯಾನ್ಸೆಟ್ ಸಮೂಹದ ಸೋಂಕುರೋಗ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಮೊದಲ ಹೆಸರು ಮದ್ರಾಸ್ ವಿಶ್ವವಿದ್ಯಾಲಯದ ಸಂಶೋಧಕ ಕಾರ್ತಿಕೇಯನ್ ಕುಮಾರಸಾಮಿ ಅವರದು. ಕೊನೆಯ ಅಸ್ತ್ರವೆಂದು ವೈದ್ಯರು ಕಾಪಿಟ್ಟ ಕಾರ್ಬಪೆನಮ್ ಔಷಧಗಳನ್ನೇ ಮುರಿದುಹಾಕುವ ಎನ್‌ಡಿಎಂ-1 ಎಂಬ ಕಿಣ್ವ ಚೆನ್ನೈನಿಂದ ಸಂಗ್ರಹಿಸಿದ 44 ಬ್ಯಾಕ್ಟೀರಿಯಾ ಮಾದರಿಗಳಲ್ಲಿತ್ತು. ಹರಿಯಾಣದಲ್ಲಿ 26, ಬ್ರಿಟನ್ನಿನಲ್ಲಿ 37. ಅವುಗಳಲ್ಲಿ ಹೆಚ್ಚಿನವು ಬಗ್ಗುತ್ತಿದ್ದದ್ದು ಟೈಗೆಸೈಕ್ಲಿನ್, ಕೊಲಿಸ್ಟಿನ್ ಎಂಬ ಎರಡೇ ಔಷಧಗಳಿಗೆ. ಎನ್‌ಡಿ ಎಂದು ನವದೆಹಲಿಯ ಹೆಸರನ್ನು ಕಿಣ್ವಕ್ಕೆ ಇಟ್ಟದ್ದಕ್ಕೆ ದೇಶದಲ್ಲಿ ಗದ್ದಲವೆದ್ದಿತು, ಲ್ಯಾನ್ಸೆಟ್ ಸಂಪಾದಕರು ಹೆಸರಿನ ಬಗ್ಗೆ ವಿಷಾದವನ್ನೂ ಸೂಚಿಸಿದರು. ಕಿಣ್ವದ ಹೆಸರಿಗೆ ಸಿಕ್ಕಷ್ಟು ಗಮನ ಕಿಣ್ವಕ್ಕೆ ಸಿಗಲಿಲ್ಲ ಎಂಬುದು ನನ್ನ ಕೊರಗು.

ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಮಾರಾಟವನ್ನು ಪೂರ್ತಿ ನಿಲ್ಲಿಸುವ ಯೋಚನೆ 2011ರಲ್ಲಿ ಕೇಂದ್ರ ಸರ್ಕಾರದಲ್ಲಿ ಮೂಡಿತಾದರೂ ಮುಂದೆ ಸಾಗಲಿಲ್ಲ. ಡಾಕ್ಟರೇ ಇಲ್ಲದ ಹಳ್ಳಿಯಲ್ಲಿ ನ್ಯುಮೋನಿಯಾ ಬಂದ ಮಗುವಿನ ಗತಿಯೇನು ಎಂಬ ಪ್ರಶ್ನೆ ಎದ್ದಿತು. ಅದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. 2012ರ ಆಗಸ್ಟ್ 24ರಂದು ದೇಶದ ಹಲವು ವೈದ್ಯಕೀಯ ಸಂಘಗಳು ಚೆನ್ನೈನಲ್ಲಿ ಒಟ್ಟಿಗೆ ಕೂತು ಈ ಬಿಕ್ಕಟ್ಟಿಗೆ ದಾರಿ ಹುಡುಕಿದವು. ಅಪೋಲೊ ಆಸ್ಪತ್ರೆಯ ಸೋಂಕುರೋಗ ತಜ್ಞ ಡಾ. ಅಬ್ದುಲ್ ಗಫೂರ್ ಸಂಯೋಜಿಸಿದ ಆ ದಾಖಲೆಗೆ 'ಚೆನ್ನೈ ಘೋಷಣೆ' ಎಂಬ ಹೆಸರು ನಿಂತಿತು. ಕುಂದಿಲ್ಲದ ನೀತಿ ಬರಲೆಂದು ಕಾಯುವ ಬದಲು ಜಾರಿಯಾಗಬಲ್ಲ ನೀತಿಯನ್ನು ತನ್ನಿ ಎಂಬುದು ಅದರ ತಿರುಳು. ಎಲ್ಲ ಔಷಧಕ್ಕೂ ಬೀಗ ಹಾಕಲಾಗದಿದ್ದರೆ ಕಟ್ಟಕಡೆಯವಕ್ಕಾದರೂ ಹಾಕಿ ಎನ್ನುವ ಧೋರಣೆ.

2013ರಲ್ಲಿ ಪ್ರಕಟವಾಗಿ 2014ರ ಮಾರ್ಚ್ 1ರಿಂದ ಜಾರಿಗೆ ಬಂದ 'ಶೆಡ್ಯೂಲ್ ಎಚ್1' ಇದೇ ಜಾಡಿನದು. ಪಟ್ಟಿಯಲ್ಲಿ ಮೊದಲಿಗೆ 46 ಔಷಧಗಳಿದ್ದವು. ಸೆಫಿಕ್ಸಿಮ್, ಲಿವೊಫ್ಲಾಕ್ಸಸಿನ್, ಮೆರೊಪೆನಮ್, ಕ್ಷಯದ ಔಷಧಗಳು ಅದರಲ್ಲಿವೆ. ಇವನ್ನು ಮಾರುವಾಗ ಬರೆದುಕೊಟ್ಟ ಡಾಕ್ಟರು, ರೋಗಿ, ಔಷಧ, ಪ್ರಮಾಣ ಎಲ್ಲವನ್ನೂ ಮೆಡಿಕಲ್ ಶಾಪಿನವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಅಂದು ಮನೆಯಲ್ಲಿ ನಡೆದ ಎಣಿಕೆ ಈಗ ಅಂಗಡಿಯ ಕೌಂಟರಿಗೆ ಬಂದಿತ್ತು. ಆದರೆ ಜನ ಜ್ವರ, ನೆಗಡಿಗೆ ಕೇಳಿ ಕೊಳ್ಳುವ ಅಜಿಥ್ರೊಮೈಸಿನ್, ಅಮಾಕ್ಸಿಸಿಲಿನ್ ಆ 46ರಲ್ಲಿ ಇರಲಿಲ್ಲ. ಚೀಟಿ ಅವಕ್ಕೂ ಕಡ್ಡಾಯವೇ, ಹಳೆಯ 'ಶೆಡ್ಯೂಲ್ ಎಚ್' ಪ್ರಕಾರ. ರಿಜಿಸ್ಟರಿನ ಕಾಟ ಮಾತ್ರ ಇಲ್ಲ. ಜನರಿಗೆ ಗುರುತು ಸಿಗಲೆಂದು ಇಂಥ ಸ್ಟ್ರಿಪ್ಪುಗಳ ಮೇಲಿನ ಕೆಂಪು ಗೆರೆಯ ಪ್ರಚಾರ 2016ರಲ್ಲಿ ನಡೆಯಿತು.

ಇನ್ನು ಮನೆಯೊಳಗಿನ ಮಾತು. ಆ್ಯಂಟಿಬಯಾಟಿಕ್ ಉಷ್ಣ ಎಂದು ಅದರ ಜೊತೆಗೇ ಒಂದು ಲೋಟ ಹಾಲು ಕುಡಿಸುವುದು ನಮ್ಮ ಕಡೆಯ ವಾಡಿಕೆ. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ನಂಥವನ್ನು ಹಾಲಿನ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಪೂರ್ತಿಯಾಗಿ ರಕ್ತಕ್ಕೆ ಸೇರಲು ಬಿಡುವುದಿಲ್ಲ. ಕಬ್ಬಿಣದ ಮಾತ್ರೆ, ಎದೆಯುರಿಯ ಆಂಟಾಸಿಡ್ ಕೂಡ ಹಾಗೆಯೇ. ಎಷ್ಟು ಹೊತ್ತು ಅಂತರ ಬೇಕೆಂದು ಫಾರ್ಮಸಿಸ್ಟರನ್ನೇ ಕೇಳಬೇಕು. ಡಾಕ್ಸಿಸೈಕ್ಲಿನ್ ನುಂಗಿ ಕೂಡಲೇ ಮಲಗಿದರೆ ಅನ್ನನಾಳ ಸುಟ್ಟು ಹುಣ್ಣಾಗಬಹುದು, ಅದಕ್ಕೆ ಲೋಟ ತುಂಬ ನೀರು ಕುಡಿದು ಸ್ವಲ್ಪ ಹೊತ್ತು ಕೂತಿರಬೇಕು. ಮಕ್ಕಳ ಪುಡಿ ಔಷಧಕ್ಕೆ ಕುದಿಸಿ ಆರಿಸಿದ ನೀರನ್ನು ಬಾಟಲಿಯ ಗುರುತಿನವರೆಗೆ ಮಾತ್ರ ಹಾಕಬೇಕು. ಅಡುಗೆಮನೆಯ ಚಮಚ ಅಳತೆಗೆ ಆಗದು. ಹಿಂದೆ ಪೆನಿಸಿಲಿನ್ನಿಗೆ ಮುಖ ಊದಿದ್ದು, ಉಸಿರು ಕಟ್ಟಿದ್ದು ಉಂಟಾದರೆ ಕೇಳುವ ಮೊದಲೇ ಡಾಕ್ಟರಿಗೆ ಹೇಳಬೇಕು. ಗರ್ಭಿಣಿಯರು, ಕಿಡ್ನಿ ತೊಂದರೆಯವರು, ಹೃದಯಕ್ಕೆ ಮಾತ್ರೆ ತಗೊಳ್ಳುವವರು ಅದನ್ನೂ ಹೇಳಬೇಕು.

ಕೋರ್ಸು ಎಷ್ಟು ದಿನ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಹೆಚ್ಚು ದಿನ ನುಂಗಿದಷ್ಟೂ ಒಳ್ಳೆಯದೆಂಬ ಹಳೆಯ ಲೆಕ್ಕವನ್ನು ವೈದ್ಯವಿಜ್ಞಾನ ಈಗ ಒಪ್ಪುತ್ತಿಲ್ಲ. ತೀವ್ರವಲ್ಲದ ಎಷ್ಟೋ ನ್ಯುಮೋನಿಯಾಗಳಿಗೆ 5 ದಿನ ಸಾಕಾಗುತ್ತದೆ. ಸ್ಟ್ರೆಪ್ಟೊಕಾಕಸ್ ಗಂಟಲು ಸೋಂಕಿಗೆ ಪೆನಿಸಿಲಿನ್ ಮಾತ್ರೆ 10 ದಿನ ಕೊಡುವುದು ಮಗುವಿನ ಹೃದಯದ ಕವಾಟ ಉಳಿಸಲು. ಸಾಮಾನ್ಯ ಕ್ಷಯಕ್ಕೆ 6 ತಿಂಗಳು, ಅದರಲ್ಲಿ ರಿಯಾಯಿತಿ ಇಲ್ಲ. ವೈರಸ್ಸಿನ ನೆಗಡಿಗೆ, ಡೆಂಗಿಗೆ ಒಂದು ದಿನವೂ ಬೇಡ.

ಹಾಗಾದರೆ ತನ್ನ ಕೈಲಿರುವ ಮಾತ್ರೆ ಇವುಗಳಲ್ಲಿ ಯಾವುದಕ್ಕೆ ಎಂದು ರೋಗಿಗೆ ತಿಳಿಯುವುದು ಹೇಗೆ? ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2024ರ ಜನವರಿಯಲ್ಲಿ ವೈದ್ಯರಿಗೆ ಪತ್ರ ಬರೆದು, ಆ್ಯಂಟಿಬಯಾಟಿಕ್ ಬರೆಯುವಾಗ ಯಾವ ಕಾರಣಕ್ಕೆ ಎಂಬುದನ್ನೂ ಚೀಟಿಯಲ್ಲೇ ನಮೂದಿಸುವಂತೆ ಹೇಳಿತು. ಚೀಟಿಯಲ್ಲಿ ಆ ಸಾಲು ಕಾಣದಿದ್ದರೆ ಕುರ್ಚಿಯಿಂದ ಏಳುವ ಮೊದಲು ಕೇಳಬಹುದು, 'ಡಾಕ್ಟ್ರೇ, ಇದು ಯಾವ ಸೋಂಕಿಗೆ? ಎಷ್ಟು ದಿನ?'