ಫೋರ್ ಬೈ ಫೋರ್‌ನಿಂದ ಫೋರ್ ಬೈ ಟೂಗೆ: ನಿಮಗಿದು ಗೊತ್ತೇ?

ಹಳೆಯ ಫೋರ್ ಬೈ ಫೋರ್ ಟ್ರಕ್ಕನ್ನೋ ಜೀಪನ್ನೋ ಹಿಂದಿನ ಎರಡು ಚಕ್ರಗಳ ಬಲದಿಂದಷ್ಟೇ ಓಡುವಂತೆ ಮಾರ್ಪಡಿಸುವುದಕ್ಕೆ ಕಾರಣಗಳು ಹಲವು. ಒಬ್ಬರಿಗೆ ಇಂಧನ ಉಳಿಸಬೇಕು, ಇನ್ನೊಬ್ಬರಿಗೆ ಸ್ಟೀರಿಂಗ್ ಹಗುರಾಗಬೇಕು, ಮತ್ತೊಬ್ಬರಿಗೆ ಗಾಡಿ ನೆಲಕ್ಕೆ ಹತ್ತಿರ ಕೂರಬೇಕು. ಸ್ಪ್ಯಾನರ್ ಹಿಡಿಯುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

■ ಮೊದಮೊದಲು ನಡೆಯುತ್ತಿದ್ದುದು ಇದರ ತದ್ವಿರುದ್ಧ ಕೆಲಸ! ಷೆವ್ರೊಲೆ ಪಿಕಪ್‌ಗಳು ಕಾರ್ಖಾನೆಯಿಂದ ಟೂ ವ್ಹೀಲ್ ಡ್ರೈವ್ ಆಗಿ ಬರುತ್ತಿದ್ದವು. ಅಮೆರಿಕದ ಮಿನಿಯಾಪೊಲಿಸ್‌ನ ನ್ಯಾಪ್ಕೊ ಕಂಪನಿ ಅವುಗಳಿಗೆ ಫೋರ್ ಬೈ ಫೋರ್ ಕಿಟ್ ಮಾರುತ್ತಿತ್ತು. 1957ರಿಂದ ಷೆವ್ರೊಲೆಯೇ ಆ ಕಿಟ್ ಕೂರಿಸಿ ಮಾರತೊಡಗಿತು. ಫೋರ್ಡ್ 1959ರಲ್ಲಿ ಕಾರ್ಖಾನೆಯಿಂದಲೇ ಫೋರ್ ಬೈ ಫೋರ್ ಪಿಕಪ್ ತಂದಿತು.

■ 1960ರಿಂದ ಷೆವ್ರೊಲೆ ಟ್ರಕ್ಕುಗಳ ಹೆಸರಲ್ಲೇ ಗುಟ್ಟಿರುತ್ತಿತ್ತು. ‘ಸಿ’ ಎಂದರೆ ಟೂ ವ್ಹೀಲ್ ಡ್ರೈವ್, ‘ಕೆ’ ಎಂದರೆ ಫೋರ್ ವ್ಹೀಲ್ ಡ್ರೈವ್. ಕೆ10 ಅನ್ನು ಸಿ10 ಮಾಡುವುದೆಂದರೆ ಅಕ್ಷರ ಬದಲಿಸಿದಷ್ಟು ಸುಲಭವಲ್ಲ!

■ ಜೀಪ್ ಎಂದರೆ ಫೋರ್ ಬೈ ಫೋರ್ ಎಂದೇ ನಂಬಿದ್ದೀರಾ? 1950ರ ದಶಕದಲ್ಲೇ ವಿಲ್ಲೀಸ್ ಕಂಪನಿ ಡಿಜೆ-3ಎ ‘ಡಿಸ್ಪ್ಯಾಚರ್’ ಎಂಬ ಟೂ ವ್ಹೀಲ್ ಡ್ರೈವ್ ಜೀಪ್ ಮಾರಿತು. ಅದಕ್ಕೆ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆ ಇಲ್ಲ, ಮುಂದೆ ಸಾದಾ ಬೀಮ್ ಆ್ಯಕ್ಸಲ್. ಇದರದೇ ಗುಲಾಬಿ ಬಣ್ಣದ, ಜಾಲರು ಇಳಿಬಿಟ್ಟ ಟಾಪಿನ ‘ಸರ್ರಿ’ ಜೀಪುಗಳು ಮೆಕ್ಸಿಕೊದ ಅಕಾಪುಲ್ಕೊದಲ್ಲಿ ಲಾಸ್ ಬ್ರಿಸಾಸ್ ಹೋಟೆಲಿನ ಅತಿಥಿಗಳನ್ನು ಹೊತ್ತು ಓಡಾಡಿದವು.

■ ಹಳೆಯ ಪಾರ್ಟ್ ಟೈಮ್, ಅಂದರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ, ಫೋರ್ ಬೈ ಫೋರ್‌ಗಳಲ್ಲಿ ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳ ನಡುವೆ, ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಸಾಗಬೇಕು, ಆದರೆ ಟ್ರಾನ್ಸ್‌ಫರ್ ಕೇಸ್ ಅದಕ್ಕೆ ಬಿಡುವುದಿಲ್ಲ. ಕೆಸರಿನಲ್ಲಾದರೆ ಚಕ್ರ ಜಾರಿ ಬಿಗಿ ಸಡಿಲವಾಗುತ್ತದೆ. ಒಣ ಡಾಂಬರಿನಲ್ಲಿ ಸ್ಟೀರಿಂಗ್ ಬಿಗಿದು, ಟೈರ್ ಸವೆದು, ಗೇರುಗಳು ನರಳುತ್ತವೆ. ಆದ್ದರಿಂದಲೇ ರಸ್ತೆಯಲ್ಲಿ ಇಂಥ ಗಾಡಿಯನ್ನು ಟೂ ವ್ಹೀಲ್‌ನಲ್ಲೇ ಓಡಿಸಬೇಕು.

■ ಏನನ್ನೂ ಬಿಚ್ಚದೆ ಮುಂದಿನ ಆ್ಯಕ್ಸಲ್ಲಿಗೆ ವಿಶ್ರಾಂತಿ ಕೊಡುವ ಉಪಾಯವೂ ಇದೆ: ಫ್ರೀ ವ್ಹೀಲ್ ಹಬ್. ಅಮೆರಿಕದ ಆರ್ಥರ್ ವಾರ್ನ್ 1948ರಲ್ಲಿ ವಿಲ್ಲೀಸ್ ಜೀಪುಗಳಿಗೆಂದು ಇದನ್ನು ತಯಾರಿಸತೊಡಗಿದರು. ಹಬ್ ತಿರುವಿ ‘ಫ್ರೀ’ಗೆ ಇಟ್ಟರೆ ಚಕ್ರ ಮಾತ್ರ ತಿರುಗುತ್ತದೆ, ಒಳಗಿನ ಆ್ಯಕ್ಸಲ್ ಶಾಫ್ಟ್, ಡಿಫರೆನ್ಷಿಯಲ್, ಪ್ರೊಪೆಲ್ಲರ್ ಶಾಫ್ಟ್ ಮೂರೂ ಸುಮ್ಮನಿರುತ್ತವೆ.

■ ಈ ಹಬ್ ಇಲ್ಲದ ಗಾಡಿಯಲ್ಲಿ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಕಳಚಿದರೆ ಅರ್ಧ ಕೆಲಸವಷ್ಟೇ ಆಯಿತು. ರಸ್ತೆಯಲ್ಲಿ ಉರುಳುವ ಚಕ್ರಗಳೇ ಆ್ಯಕ್ಸಲ್ ಶಾಫ್ಟನ್ನೂ ಕ್ರೌನ್ ಪಿನಿಯನ್ನನ್ನೂ ತಿರುಗಿಸುತ್ತಲೇ ಇರುತ್ತವೆ. ಹಾಗಾಗಿ ಮುಂದಿನ ಆ್ಯಕ್ಸಲ್ ಹೌಸಿಂಗಿನ ಎಣ್ಣೆಯನ್ನು ಮರೆಯುವಂತಿಲ್ಲ.

■ ಮುಂದಿನ ಶಾಫ್ಟ್ ಬಿಚ್ಚಿದರೆ ಅಲ್ಲಾಡದೆ ನಿಂತುಬಿಡುವ ಟ್ರಕ್ಕುಗಳೂ ಇವೆ! 1973ರಿಂದ 1979ರವರೆಗೆ ಷೆವ್ರೊಲೆ, ಡಾಡ್ಜ್, ಫೋರ್ಡ್ ಬಳಸಿದ ಎನ್‌ಪಿ203 ಟ್ರಾನ್ಸ್‌ಫರ್ ಕೇಸ್ ಸದಾ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವಂಥದ್ದು. ಅದರೊಳಗೆ ಡಿಫರೆನ್ಷಿಯಲ್ ಇದೆ. ಮುಂದೆ ತಡೆಯೇ ಇಲ್ಲದಂತಾದರೆ ಎಂಜಿನ್ನಿನ ಶಕ್ತಿಯೆಲ್ಲ ಆ ಖಾಲಿ ತುದಿಯನ್ನು ಗಿರಗಿರ ತಿರುಗಿಸುತ್ತದೆ, ಹಿಂದಿನ ಚಕ್ರ ಕದಲುವುದಿಲ್ಲ. ಲಿವರನ್ನು ‘ಲಾಕ್’ಗೆ ತಳ್ಳಿದರೆ ಮಾತ್ರ ಗಾಡಿ ಹೊರಡುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರದ ವರ್ಷಗಳಲ್ಲಿ ಇದಕ್ಕೆಂದೇ ಪಾರ್ಟ್ ಟೈಮ್ ಕಿಟ್‌ಗಳು ಮಾರುಕಟ್ಟೆಗೆ ಬಂದವು. ಅವು ಆ ಡಿಫರೆನ್ಷಿಯಲ್ ತೆಗೆದು ಗಟ್ಟಿ ಜೋಡಣೆ ಕೂರಿಸುತ್ತವೆ. ಜತೆಗೆ ಮುಂದಿನ ಚಕ್ರಗಳಿಗೆ ಫ್ರೀ ವ್ಹೀಲ್ ಹಬ್ ಹಾಕಬೇಕು.

■ ಟ್ರಾನ್ಸ್‌ಫರ್ ಕೇಸ್‌ಗಳೆಲ್ಲ ಒಂದೇ ತೆರನಲ್ಲ. ಎರಕದ ಕಬ್ಬಿಣದ ಎನ್‌ಪಿ205ರಲ್ಲಿ ಹೈ ಗೇರ್ ಇದ್ದಾಗ ಶಕ್ತಿ ನೇರವಾಗಿ ಹಿಂದಕ್ಕೆ ಹೋಗುತ್ತದೆ. ವಿಲ್ಲೀಸ್ ಜೀಪಿನ ಸ್ಪೈಸರ್ 18ರಲ್ಲಿ ಟೂ ವ್ಹೀಲ್‌ನಲ್ಲೂ ಶಕ್ತಿ ಪಕ್ಕದ ಗೇರುಗಳನ್ನು ಹಾದೇ ಹೋಗಬೇಕು. ಮುಂದಿನ ಶಾಫ್ಟ್ ತೆಗೆದರೂ ಆ ಗೇರುಗಳ ಸದ್ದು ಹೋಗದಿರುವುದು ಇದಕ್ಕೇ.

■ ಹಾಗಾದರೆ ಟ್ರಾನ್ಸ್‌ಫರ್ ಕೇಸನ್ನೇ ಇಳಿಸಿಬಿಟ್ಟರೆ? ಹಳೆಯ ವಿಲ್ಲೀಸ್ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರದಲ್ಲಿಲ್ಲ! ಅದರ ಡ್ರಮ್ ಕೂತಿರುವುದು ಟ್ರಾನ್ಸ್‌ಫರ್ ಕೇಸಿನ ಬೆನ್ನಿಗೆ. ಪೆಟ್ಟಿಗೆ ಹೋದರೆ ಹ್ಯಾಂಡ್ ಬ್ರೇಕೂ ಹೋಯಿತು. ಪಂಪು, ವಿಂಚುಗಳನ್ನು ಓಡಿಸುವ ಪಿಟಿಒ ಕೂಡ ಅಲ್ಲಿಂದಲೇ ಹೊರಡುತ್ತದೆ.

■ ಸ್ಪೀಡೋಮೀಟರ್ ಕೇಬಲ್ ಕೂಡ ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫರ್ ಕೇಸಿನಿಂದ ಬರುತ್ತದೆ. ಆ ಪೆಟ್ಟಿಗೆ ತೆಗೆದಾಗ ಗೇರ್‌ಬಾಕ್ಸಿನ ಹಿಂಭಾಗಕ್ಕೆ ಬೇರೆ ಹೌಸಿಂಗ್ ಹಾಕಿ, ಅಲ್ಲಿಂದ ಕೇಬಲ್ ಎಳೆಯಬೇಕು. ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಉದ್ದವೂ ಬದಲಾಗುತ್ತದೆ.

■ ಹಳೆಯ ವಿಲ್ಲೀಸ್ ಜೀಪಿನ ಕೆಳಗೆ ಬಗ್ಗಿ ನೋಡಿ: ಹಿಂದಿನ ಡಿಫರೆನ್ಷಿಯಲ್ ನಡುವೆ ಇಲ್ಲ, ಬಲಕ್ಕೆ ಸರಿದಿದೆ. ಟ್ರಾನ್ಸ್‌ಫರ್ ಕೇಸಿನ ಹೊರದಾರಿ ಬಲಬದಿಗಿರುವುದೇ ಕಾರಣ. ಪೆಟ್ಟಿಗೆ ತೆಗೆದು ಗೇರ್‌ಬಾಕ್ಸಿನಿಂದ ನೇರ ಶಾಫ್ಟ್ ಎಳೆದರೆ ಅದು ಓರೆಯಾಗುತ್ತದೆ.

■ ಫೋರ್ ಬೈ ಫೋರ್‌ನಲ್ಲಿ ಮುಂದಿನ ಮತ್ತು ಹಿಂದಿನ ಕ್ರೌನ್ ಪಿನಿಯನ್ ಅನುಪಾತ ಹೊಂದಿಕೆಯಾಗಲೇಬೇಕು. ಅನುಪಾತ ಬದಲಿಸುವುದಾದರೆ ಎರಡು ಕಡೆ ಖರ್ಚು. ಟೂ ವ್ಹೀಲ್ ಆದ ಮೇಲೆ ಹಿಂದಿನದನ್ನು ಮಾತ್ರ ಬದಲಿಸಿ, ಹೆದ್ದಾರಿಯಲ್ಲಿ ಎಂಜಿನ್ ನಿರಾಳವಾಗಿ ಓಡುವಂತೆ ಮಾಡಬಹುದು. ಈ ಮಾರ್ಪಾಡಿನ ನಿಜವಾದ ಲಾಭಗಳಲ್ಲಿ ಇದೊಂದು.

■ ಕೆ10ರ ಮುಂದೆ ಲೀಫ್ ಸ್ಪ್ರಿಂಗ್ ಮೇಲಿನ ಇಡೀ ಆ್ಯಕ್ಸಲ್. 1963ರಿಂದೀಚಿನ ಸಿ10ರಲ್ಲಿ ಕಾಯಿಲ್ ಸ್ಪ್ರಿಂಗ್, ಎಡ–ಬಲ ಚಕ್ರಗಳಿಗೆ ಪ್ರತ್ಯೇಕ ಸಸ್ಪೆನ್ಷನ್. ಪೂರ್ತಿ ಬದಲಿಸುವವರು ಸಿ10ರ ಮುಂಭಾಗದ ಅಡ್ಡತೊಲೆಯನ್ನು ಸಸ್ಪೆನ್ಷನ್ ಸಮೇತ ತಂದು ಕೂರಿಸುತ್ತಾರೆ. ಸ್ಟೀರಿಂಗ್ ಜೋಡಣೆಯೂ ಹೊಸದಾಗಬೇಕು. ಕೆ10ರ ಸ್ಟೀರಿಂಗ್ ತೋಳು ಹಿಂದೆ–ಮುಂದೆ ಆಡುತ್ತದೆ, ಸಿ10ರದ್ದು ಅಡ್ಡಡ್ಡ.

■ ಟ್ರಾನ್ಸ್‌ಫರ್ ಕೇಸ್ ತೆಗೆದಾಗ ಕಳೆದುಕೊಳ್ಳುವುದರಲ್ಲಿ ದೊಡ್ಡದು ಅದರ ಲೋ ಗೇರ್. ಮಹೀಂದ್ರ ತಯಾರಿಸುತ್ತಿದ್ದ ಸಿಜೆ-3ಬಿ ಜೀಪಿನಲ್ಲಿ ಅದು ಎಳೆತವನ್ನು ಸುಮಾರು 2.46 ಪಟ್ಟು ಹೆಚ್ಚಿಸುತ್ತದೆ, ಇಳಿಜಾರಿನಲ್ಲಿ ಎಂಜಿನ್ನಿಂದಲೇ ಗಾಡಿ ಹಿಡಿದಿಡುತ್ತದೆ. ಕೊಡಚಾದ್ರಿ, ಮಾಂದಲಪಟ್ಟಿಯ ಕಲ್ಲುದಾರಿಯಲ್ಲಿ ಜೀಪ್ ಹತ್ತಿದವರಿಗೆ ಅದರ ಬೆಲೆ ಗೊತ್ತು. ಪೆಟ್ಟಿಗೆ ಉಳಿಸಿಕೊಂಡು ಮುಂದಿನ ಶಾಫ್ಟ್ ಮಾತ್ರ ಕಳಚಿ ಲೋ ಬಳಸಿದರೆ ಅಷ್ಟೂ ಭಾರ ಹಿಂದಿನ ಆ್ಯಕ್ಸಲ್ಲಿನ ಮೇಲೆ ಬೀಳುತ್ತದೆ, ಎಚ್ಚರ!

■ ಎತ್ತರ ಫೋರ್ ಬೈ ಫೋರ್‌ನದು, ಓಟ ಟೂ ವ್ಹೀಲ್‌ನದು! ಇಂಥ ಗಾಡಿಗಳನ್ನು ಕಂಪನಿಗಳೇ ಮಾರಿವೆ. ಟೊಯೋಟಾ 1998ರಲ್ಲಿ ಟಕೋಮಾ ‘ಪ್ರೀರನ್ನರ್’ ತಂದಿತು. 2023ರ ಜನವರಿಯಲ್ಲಿ ಮಹೀಂದ್ರ ಥಾರ್ ಕೂಡ ಹಿಂದಿನ ಚಕ್ರಗಳಷ್ಟೇ ಓಡಿಸುವ ಮಾದರಿಯಲ್ಲಿ ಬಂತು.

■ ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಗ್ಯಾರೇಜಿಗೆ ಹೋಗುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ.

■ ಕೊನೆಗೊಂದು ಲೆಕ್ಕ. ಪಾರ್ಟ್ ಟೈಮ್ ಗಾಡಿಯಲ್ಲಿ ಲಿವರ್ ಟೂ ವ್ಹೀಲ್‌ನಲ್ಲಿದ್ದು ಹಬ್ ‘ಫ್ರೀ’ ಇದ್ದರೆ ಮುಂದಿನ ಆ್ಯಕ್ಸಲ್ ಆಗಲೇ ಸುಮ್ಮನಿದೆ. ಅದನ್ನು ಕಿತ್ತರೆ ಕಡಿಮೆಯಾಗುವುದು ಬಹುಮಟ್ಟಿಗೆ ತೂಕ ಮಾತ್ರ. ಆದ್ದರಿಂದ ಇಂಧನಕ್ಕಾಗಿ ಎನ್ನುವವರು ಮೊದಲು ಒಂದು ಜೊತೆ ಹಬ್ ಹಾಕಿಸಿ ನೋಡಲಿ. ಬಿಚ್ಚಲೇಬೇಕೆಂದರೆ ಬೋಲ್ಟ್ ಬಿಚ್ಚಿ, ಚಾಸಿ ಕತ್ತರಿಸಬೇಡಿ. ಇಳಿಸಿದ ಪ್ರತಿಯೊಂದು ಭಾಗಕ್ಕೂ ಗ್ರೀಸ್ ಹಚ್ಚಿ ಜೋಪಾನವಾಗಿಡಿ. ಅಂಥ ಬಿಡಿಭಾಗ ಮತ್ತೆ ಹುಡುಕುವುದು ಕಷ್ಟ.